ನೇತ್ರಾಣಿಯ ಆಳದಲ್ಲಿ ಕೆಂಪು ತುಟಿ ಕಾಣುವುದಿಲ್ಲ

‘ನೇತ್ರಾಣಿಯ 12 ಮೀಟರ್ ಆಳದಲ್ಲಿ ಅವಳ ಕೆಂಪು ತುಟಿ ಕಂಡದ್ದೇ ತಡ, ಅವನು ಉಸಿರು ಬಿಗಿಹಿಡಿದ. ಹೆಬ್ಬೆರಳೆತ್ತಿ ಎಲ್ಲ ಸರಿಯಿದೆ ಎಂದ.’

ಸಾಹಸದ ಹಿನ್ನೆಲೆಯ ಪ್ರೇಮ ಕಾದಂಬರಿ ಬರೆಯಹೊರಟವರು ಯಾರೇ ಆಗಲಿ ಬರೆದುಬಿಡಬಹುದಾದ ಸಾಲು ಇದು. ಓದಲು ಅಡ್ಡಿಯಿಲ್ಲ. ಆದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಆ ನೀರಿಗಿಳಿದು ಬಂದವರಿಗೆ ಇದರಲ್ಲಿ ಮೂರು ತಪ್ಪು ಕಣ್ಣಿಗೆ ಹೊಡೆಯುತ್ತವೆ. ನೀರು ಬೆಳಕಿನ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಾಸತೊಡಗುತ್ತದೆ, 12 ಮೀಟರ್‌ನಲ್ಲಿ ಟಾರ್ಚ್ ಹಾಯಿಸದಿದ್ದರೆ ಬೂದುಗಪ್ಪು. ಎರಡನೆಯದು ಉಸಿರು. ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿಸುವವರು ಹೇಳುವ ಮೊದಲ ನಿಯಮವೇ ಉಸಿರು ಕಟ್ಟಬೇಡಿ ಎಂಬುದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ತುಂಬಿಕೊಂಡ ಗಾಳಿಯನ್ನು ಬಿಡದೆ ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಇನ್ನು ನೀರಿನೊಳಗೆ ಹೆಬ್ಬೆರಳೆತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ‘ಸರಿಯಿದೆ’ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ನಮ್ಮ ನಾಯಕ ಪ್ರೇಮ ನಿವೇದನೆಯ ಬದಲು ಮನೆಗೆ ನಡಿ ಎಂದಿದ್ದಾನೆ. ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಲ್ಲಿ ಕಚ್ಚಿಕೊಂಡವಳ ತುಟಿ ಕಂಡದ್ದಾದರೂ ಹೇಗೆ ಎಂದು ಕೇಳುವುದು ಬೇಡ.

ಇಂಥ ಕಾದಂಬರಿಗಳಿಗೆ ಈಗ ದೊಡ್ಡ ಓದುಗ ಬಳಗವಿದೆ. ಇಂಗ್ಲಿಷ್‌ನಲ್ಲಂತೂ ಐಸ್ ಹಾಕಿ ಆಟಗಾರರ ಪ್ರೇಮಕಥೆಗಳೇ ಒಂದು ಪ್ರಕಾರವಾಗಿವೆ. ಹಾಕಿ ಕೋಲನ್ನು ಮುಟ್ಟಿಯೂ ನೋಡದವರು ಅವನ್ನು ರಾತ್ರಿಯಿಡೀ ಓದುತ್ತಾರೆ. ಮಳೆಗಾಲದ ಶಿರಸಿಯಲ್ಲಿ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತ ಓದುಗರಿಗೆ ಯಾರೋ ಬಂಡೆ ಹತ್ತಿದರೆ, ಅಲೆ ಸೀಳಿದರೆ ಆಗಬೇಕಾದ್ದೇನು?

ಮೈಗೆ ಆಗುವುದಿದೆ. 2009ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಸಂಶೋಧಕರು ಕಥೆ ಓದುತ್ತಿರುವವರ ಮಿದುಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಗಮನಿಸಿದರು. ಪಾತ್ರ ಒಂದು ವಸ್ತುವನ್ನು ಕೈಗೆತ್ತಿಕೊಂಡ ಸಾಲು ಬಂದಾಗ, ನಿಜವಾಗಿ ಕೈಯಿಂದ ಹಿಡಿಯುವಾಗ ಕೆಲಸ ಮಾಡುವ ಭಾಗಗಳಲ್ಲಿ ಚಟುವಟಿಕೆ ಹೆಚ್ಚಿತು. ಆದ್ದರಿಂದ ‘ಸಾಹಸ ಮೆರೆದ’ ಎಂದು ಬರೆದರೆ ಮಿದುಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಒದ್ದೆ ಹಗ್ಗವನ್ನು ಮೊಣಕೈಗೆ ಎರಡು ಸುತ್ತು ಸುತ್ತಿದ’ ಎಂದರೆ ಸಿಗುತ್ತದೆ.

ತಪ್ಪುಗಳ ವಿಷಯಕ್ಕೂ ಒಂದು ಪ್ರಯೋಗವಿದೆ. 2000ದಲ್ಲಿ ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ ಎಂಬ ಮನೋವಿಜ್ಞಾನಿಗಳು ಓದುಗರಿಗೆ ಕಥೆ ಕೊಟ್ಟು, ಹುಸಿ ಎನಿಸಿದ ಕಡೆಗಳಿಗೆ ಗುರುತು ಹಾಕಲು ಹೇಳಿದರು. ಕಥೆಯೊಳಗೆ ಹೆಚ್ಚು ಮುಳುಗಿದವರು ಕಡಿಮೆ ಗುರುತು ಹಾಕಿದರು. ಮುಳುಗಿದವರು ತಪ್ಪು ಹೆಕ್ಕುವುದಿಲ್ಲ ಎಂದು ಲೇಖಕರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಮುಳುಗಿಸುವುದಕ್ಕೆ ಮೊದಲೇ ಹೆಬ್ಬೆರಳೆತ್ತಿಸಿದರೆ ಓದುಗರು ದಡದಲ್ಲೇ ಉಳಿಯುತ್ತಾರೆ. 20ನೇ ಅಧ್ಯಾಯದ ತಪ್ಪಿಗಿಂತ ಮೊದಲ ಅಧ್ಯಾಯದ ತಪ್ಪು ದುಬಾರಿ.

ಸಾಹಸ ಮತ್ತು ಪ್ರೇಮದ ಮಾತು ಬಂದಾಗಲೆಲ್ಲ ಒಂದು ತೂಗುಸೇತುವೆಯ ಪ್ರಸ್ತಾಪ ಬರುತ್ತದೆ. ಕೆನಡಾದ ಕ್ಯಾಪಿಲಾನೋ ನದಿಯ ಮೇಲೆ ಸುಮಾರು 70 ಮೀಟರ್ ಎತ್ತರದಲ್ಲಿ ತೂಗುವ, 137 ಮೀಟರ್ ಉದ್ದದ ಸೇತುವೆ ಅದು. 1974ರಲ್ಲಿ ಪ್ರಕಟವಾದ ಡಟನ್ ಮತ್ತು ಆರನ್ ಅವರ ಪ್ರಯೋಗದಲ್ಲಿ, ಅದನ್ನು ದಾಟುತ್ತಿದ್ದ ಗಂಡಸರನ್ನು ಒಬ್ಬ ಯುವತಿ ತಡೆದು ಸಣ್ಣ ಪ್ರಶ್ನಾವಳಿ ತುಂಬಿಸಿ, ವಿವರ ಬೇಕಿದ್ದರೆ ಕರೆ ಮಾಡಿ ಎಂದು ಫೋನ್ ನಂಬರ್ ಕೊಟ್ಟಳು. ತಗ್ಗಿನಲ್ಲಿದ್ದ ಗಟ್ಟಿ ಮರದ ಸೇತುವೆಯ ಮೇಲೂ ಹೀಗೇ ಮಾಡಲಾಯಿತು. ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಮಂದಿಯಲ್ಲಿ 9 ಮಂದಿ ಕರೆ ಮಾಡಿದರು, ಗಟ್ಟಿ ಸೇತುವೆಯಲ್ಲಿ ಪಡೆದ 16 ಮಂದಿಯಲ್ಲಿ ಇಬ್ಬರು. ಎದೆಬಡಿತಕ್ಕೆ ಹೆಸರುಪಟ್ಟಿ ಅಂಟಿಸಿರುವುದಿಲ್ಲ, ಎತ್ತರದಿಂದ ಬಂದ ಢವಢವವನ್ನು ಎದುರಿಗಿದ್ದವಳಿಂದ ಬಂದದ್ದೆಂದು ಮನಸ್ಸು ತಪ್ಪಾಗಿ ಓದಿಕೊಂಡಿತು ಎಂಬುದು ಅವರ ವಿವರಣೆ.

ಸಂಖ್ಯೆ ಚಿಕ್ಕದು ನಿಜ. ಯಾವ ಸೇತುವೆ ಹತ್ತಬೇಕೆಂದು ಜನರೇ ಆರಿಸಿಕೊಂಡಿದ್ದರು, ಸಂಶೋಧಕರು ಚೀಟಿ ಎತ್ತಿ ಕಳಿಸಿದ್ದಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪವನ್ನು 1977ರಲ್ಲಿ ಕೆನ್ರಿಕ್ ಮತ್ತು ಸಿಯಾಲ್ಡೀನಿ ಎತ್ತಿದರು. ತೂಗುಸೇತುವೆಯ ನಡುವೆ ನಿಂತವನಿಗೆ ತನ್ನ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ಗೊತ್ತಾಗದೆ ಇರುತ್ತದೆಯೇ? ಹೆದರಿಕೆಯ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಹೆದರಿಕೆಯನ್ನು ಇಳಿಸುತ್ತಾರೆ, ನಮ್ಮನ್ನು ಅವರತ್ತ ಎಳೆಯುವುದು ಆ ನೆಮ್ಮದಿ ಎಂದರು ಅವರು.

ಪ್ರಯೋಗಶಾಲೆಯಲ್ಲಿ ಎರಡಕ್ಕೂ ಪುರಾವೆಗಳಿವೆ. ಕಾದಂಬರಿಯ ಮಟ್ಟಿಗೆ ನಮ್ಮ ಒಲವು ನೆಮ್ಮದಿಯ ಕಡೆಗೆ. ಅಪಾಯವೇ ಸೆಳೆಯುವುದಾಗಿದ್ದರೆ ಓದುಗರು ಕೊನೆಗೆ ಯಾರು ಉಳಿಯುತ್ತಾರೋ ಗೊತ್ತಿಲ್ಲದ ಥ್ರಿಲ್ಲರ್ ಎತ್ತಿಕೊಳ್ಳುತ್ತಿದ್ದರು. ಇಲ್ಲಿ ಜೋಡಿ ಒಂದಾಗುತ್ತದೆ ಎಂಬುದು ಮುಖಪುಟದಲ್ಲೇ ಗೊತ್ತು, ಈ ಪ್ರಕಾರದ ಅಲಿಖಿತ ಕರಾರೇ ಅದು. ಕೊನೆ ಗೊತ್ತಿದ್ದರೆ ರುಚಿ ಕೆಡುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2011ರಲ್ಲಿ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ಓದಿಸಿದಾಗ, ಕೊನೆಯನ್ನು ಮೊದಲೇ ತಿಳಿದವರೇ ಒಟ್ಟಾರೆ ಹೆಚ್ಚು ಮೆಚ್ಚಿದ್ದರು. ಬಂಡೆ ಹತ್ತುವವರ ಸೊಂಟಕ್ಕೆ ಹಗ್ಗ ಇದ್ದ ಹಾಗೆ ಓದುಗರಿಗೆ ಈ ಸುಖಾಂತ. ಅದು ಗಟ್ಟಿಯಿದ್ದರೆ ಧೈರ್ಯವಾಗಿ ಹೆದರಬಹುದು.

ಹಾಗಾದರೆ ಬರೆಯುವವರು ಹುಡುಕಬೇಕಾದ್ದು ಒಬ್ಬರ ನೆಮ್ಮದಿ ಇನ್ನೊಬ್ಬರ ಕೈಯಲ್ಲಿರುವ ಗಳಿಗೆ. ನೇತ್ರಾಣಿಗೇ ಮರಳೋಣ. ಸಾಮಾನ್ಯ ಸಿಲಿಂಡರಿನ ಗಾತ್ರ 11 ಲೀಟರ್. ಅದರಲ್ಲಿ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ದಡದ ಮೇಲಿನ ಗಾಳಿಯ ಒತ್ತಡ) ಒತ್ತಡದಲ್ಲಿ ಗಾಳಿ ತುಂಬಿದರೆ ಒಟ್ಟು 2,200 ಲೀಟರ್. 50 ಬಾರ್ ಆಪತ್ತಿಗೆಂದು ಮುಟ್ಟುವಂತಿಲ್ಲ, ಉಳಿದದ್ದು 1,650. ಶಾಂತವಾಗಿರುವವರು ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಎಂದಿಟ್ಟುಕೊಳ್ಳಿ. 12 ಮೀಟರ್ ಆಳದಲ್ಲಿ ಒತ್ತಡ 2.2 ಪಟ್ಟು, ಹಾಗಾಗಿ ಖರ್ಚು 44 ಲೀಟರ್. ಸುಮಾರು 37 ನಿಮಿಷ ಸಿಕ್ಕಿತು. ಗಾಬರಿಯಾದವರು 30 ಲೀಟರ್ ಲೆಕ್ಕದಲ್ಲಿ ಎಳೆದರೆ 25 ನಿಮಿಷಕ್ಕೇ ಮುಗಿಯಿತು. ಹೆದರಿದವರ ಗಾಳಿ ಮೊದಲು ಖಾಲಿಯಾಗುತ್ತದೆ ಎಂಬ ಈ ಸರಳ ಗುಣಾಕಾರದಲ್ಲೇ ಒಂದು ಅಧ್ಯಾಯ ಕೂತಿದೆ.

ನಮ್ಮ ನಾಯಕನ ಗಾಳಿ ಮೀಟರಿನ ಮುಳ್ಳು ಸೊನ್ನೆಗೆ ಬಂತು. ಅಂಗೈಯನ್ನು ಗಂಟಲಿಗೆ ಅಡ್ಡ ಎಳೆದು ತೋರಿಸಿದ: ಗಾಳಿ ಇಲ್ಲ. ಅವಳ ಸಿಲಿಂಡರಿನಲ್ಲಿ ಆ 50 ಬಾರ್, ಎಂದರೆ 550 ಲೀಟರ್ ಇದೆ. ಅವಳ ಜಾಕೆಟಿಗೆ ಸಿಕ್ಕಿಸಿದ ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್ ಇರುವುದು ಈ ಹೊತ್ತಿಗೆಂದೇ. ಅದನ್ನವನು ಬಾಯಿಗಿಟ್ಟುಕೊಂಡ ಮೇಲೆ ಇಬ್ಬರೂ ಒಬ್ಬರ ಜಾಕೆಟಿನ ಪಟ್ಟಿಯನ್ನು ಇನ್ನೊಬ್ಬರು ಬಿಗಿಯಾಗಿ ಹಿಡಿದು, ಮುಖಕ್ಕೆ ಮುಖ ಕೊಟ್ಟು ಏರಬೇಕು. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರುವಂತಿಲ್ಲ. ಗಾಳಿ ಸಾಲುವಂತಿದ್ದರೆ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕು. ಅವಳದು 20, ಗಾಬರಿಯಾದ ಅವನದು 30 ಲೀಟರ್ ಲೆಕ್ಕದಲ್ಲಿ ಇಬ್ಬರದೂ ಕೂಡಿ ಈ ಇಡೀ ಏರಿಕೆಗೆ ಸುಮಾರು 330 ಲೀಟರ್ ಬೇಕು. ಸಾಲುತ್ತದೆ, ಹೆಚ್ಚೇನೂ ಉಳಿಯುವುದಿಲ್ಲ. ಹತ್ತಿರ ಹತ್ತಿರ ನಾಲ್ಕೂವರೆ ನಿಮಿಷ ಮಾತಿಲ್ಲ, ತಿರುಗಿ ನೋಡಲು ಜಾಗವಿಲ್ಲ. ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಎದುರಿನ ಕಣ್ಣು ಇದ್ದದ್ದಕ್ಕಿಂತ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ಕೆಂಪು ತುಟಿಯ ಹಂಗು ಈಗ ಯಾರಿಗೆ ಬೇಕು?

ಎಚ್ಚರ ಬೇಕಾದ್ದು ಇನ್ನೂ ಎರಡು. ಮೊದಲ ಸಲ ಇಳಿಯುವವರನ್ನು ತರಬೇತುದಾರರೇ ಹಿಡಿದುಕೊಂಡು ಕರೆದೊಯ್ಯುತ್ತಾರೆ, ಇಬ್ಬರು ಹೊಸಬರನ್ನು ಅವರಷ್ಟಕ್ಕೆ ಬಿಡುವುದಿಲ್ಲ. ಆದ್ದರಿಂದ ಈ ಜೋಡಿ ಕೋರ್ಸ್ ಮುಗಿಸಿದವರಾಗಿರಬೇಕು. ಮತ್ತೆ, ಆಷಾಢದಲ್ಲಿ ನೇತ್ರಾಣಿಯ ದೃಶ್ಯ ಇಡಬೇಡಿ. ಜೂನ್ ಹೊತ್ತಿಗೆ ಅರಬ್ಬಿ ಸಮುದ್ರ ಕೆರಳಿರುತ್ತದೆ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ಜುಲೈ ಕೊನೆಯವರೆಗೆ 61 ದಿನ ನಿಷೇಧ. ಆ ತಿಂಗಳುಗಳಲ್ಲಿ ಡೈವಿಂಗ್ ದೋಣಿ ಹೊರಡಿಸಿದ ಕಾದಂಬರಿಯನ್ನು ಕಾರವಾರದಿಂದ ಭಟ್ಕಳದವರೆಗೆ ಯಾರೂ ನಂಬಲಿಕ್ಕಿಲ್ಲ.

ಎದೆಬಡಿತಕ್ಕೆ ಒಲವನ್ನು ಹುಟ್ಟಿಸುವ ಶಕ್ತಿ ಇದೆಯೇ ಎಂಬ ಪ್ರಶ್ನೆ ಉಳಿಯಿತು. 1981ರಲ್ಲಿ ವೈಟ್ ಮತ್ತು ಸಂಗಡಿಗರು ಕೆಲವು ಯುವಕರನ್ನು ನಿಂತಲ್ಲೇ 2 ನಿಮಿಷ ಓಡಿಸಿದರು, ಕೆಲವರನ್ನು 15 ಸೆಕೆಂಡ್ ಮಾತ್ರ. ಆಮೇಲೆ ಒಬ್ಬ ಯುವತಿಯ ವಿಡಿಯೋ ತೋರಿಸಿದರು. ಆಕರ್ಷಕವಾಗಿ ಸಿಂಗರಿಸಿಕೊಂಡವಳು, ಹೆಚ್ಚು ಓಡಿದವರಿಗೆ ಇನ್ನೂ ಚೆಲುವೆಯಾಗಿ ಕಂಡಳು. ಬೇಕೆಂದೇ ಅಂದಗೆಡಿಸಿಕೊಂಡವಳು ಅದೇ ಗುಂಪಿಗೆ ಇನ್ನಷ್ಟು ಸಪ್ಪೆಯಾಗಿ ಕಂಡಳು. ಎಂದರೆ ಎದೆಬಡಿತ ಒಲವನ್ನು ಹುಟ್ಟಿಸಲಿಲ್ಲ. ಇದ್ದ ಭಾವದ ಸದ್ದನ್ನು ಏರಿಸಿತು, ಅಷ್ಟೆ.

ಯಕ್ಷಗಾನ ನೋಡಿ ಬೆಳೆದ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಹೊಸತೇನಲ್ಲ. ಅಶ್ವಮೇಧದ ಕುದುರೆ ಕಟ್ಟಿದ ಪ್ರಮೀಳೆಗೂ ಅರ್ಜುನನಿಗೂ ಮೊದಲು ನಡೆಯುವುದು ಜಗಳ, ಕಲ್ಯಾಣ ಆಮೇಲೆ. ಇಂದಿನ ಓದುಗರು ಬೆನ್ನು ಹತ್ತಿರುವ ‘ವೈರಿಗಳು ಪ್ರೇಮಿಗಳಾಗುವ’ ಕಥೆಯ ಹಂದರ ಇದೇ. ಬಯಲಾಟದ ಕಟ್ಟನ್ನು ಗಮನಿಸಿ: ಚಂಡೆ ಏರಿ ರಂಗ ಅದುರಿದ ಮೇಲೆ, ಅದು ನಿಂತು ಮದ್ದಳೆಯೊಂದೇ ಉಳಿದಾಗ ಭಾಗವತರ ಶೃಂಗಾರದ ಪದ ನೆಟ್ಟಗೆ ಎದೆಗಿಳಿಯುತ್ತದೆ. ಆದರೆ ವೇಷಧಾರಿಗಳ ಮಾತಿನಲ್ಲಿ ಮೊದಲೇ ಪರಸ್ಪರ ಮೆಚ್ಚುಗೆಯ ಎಳೆ ಇಲ್ಲದಿದ್ದರೆ ಎಷ್ಟು ಚಂಡೆ ಬಾರಿಸಿದರೂ ಮದುವೆ ಒಪ್ಪುವುದಿಲ್ಲ.

ಆಟೋಟದ ಕಾದಂಬರಿಗಳ ಬಗ್ಗೆ ಇಲ್ಲಿ ಒಂದೇ ಮಾತು. ಕರಾವಳಿಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯದಲ್ಲಿ, ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ‘ಕ್ವಿಕ್’ ಎತ್ತುವುದನ್ನು ನೋಡಿ. ಚೆಂಡು ಲಿಫ್ಟರ್ ಕೈ ಬಿಡುವ ಮೊದಲೇ ಅಟ್ಯಾಕರ್ ನೆಲ ಬಿಟ್ಟಿರುತ್ತಾನೆ, ಚೆಂಡು ಬಂದೇ ಬರುತ್ತದೆಂಬ ಭರವಸೆಯ ಮೇಲೆ. ಸಿಲಿಂಡರಿನ ಲೆಕ್ಕವೇ ಇದು, ಒದ್ದೆಯಾಗುವುದೊಂದಿಲ್ಲ.

ಜೊತೆಗೂಡಿ ದುಡಿಯುವ ಮೈಗೆ ಬೇರೆ ಗುಣವಿದೆ. 2010ರಲ್ಲಿ ಪ್ರಕಟವಾದ, ಆಕ್ಸ್‌ಫರ್ಡ್‌ನ 12 ಹುಟ್ಟುಗಾರರ ಮೇಲಿನ ಪ್ರಯೋಗದಲ್ಲಿ, ಒಬ್ಬರೇ ಯಂತ್ರದ ಮೇಲೆ ಹುಟ್ಟು ಹಾಕಿದಾಗಿನದಕ್ಕಿಂತ ತಂಡವಾಗಿ ಒಂದೇ ಲಯದಲ್ಲಿ ಹಾಕಿದಾಗ ಅವರು ಹೆಚ್ಚು ನೋವು ತಡೆದುಕೊಂಡರು. ಮೈಯೊಳಗೆ ನೋವು ತಗ್ಗಿಸುವ ಎಂಡಾರ್ಫಿನ್ ಹೆಚ್ಚಿದ್ದರ ಸೂಚನೆ ಅದು ಎಂದು ಸಂಶೋಧಕರು ತರ್ಕಿಸಿದರು. ನಮ್ಮ ಕಾಳಿ ನದಿಯ ಗಾಳಿ ತುಂಬಿದ ದೋಣಿ, ಅಂದರೆ ರ‍್ಯಾಫ್ಟ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗಣೇಶಗುಡಿಯ ಕೆಳಗಿನ ಆ ಹರಿವು ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನಂಬಿದೆ. ನೀರು ಬಿಡದಿದ್ದರೆ ಆಟ ಇಲ್ಲ, ಮಳೆಗಾಲದಲ್ಲಿ ಸಾಮಾನ್ಯವಾಗಿ ಬಂದ್. ನಾಯಕ ನಾಯಕಿಯರನ್ನು ದಾಂಡೇಲಿಯ ಹೋಂಸ್ಟೇಯಲ್ಲಿ ಇನ್ನೊಂದು ದಿನ ಕಾಯಿಸಲು ಇದಕ್ಕಿಂತ ಸಹಜ ಕಾರಣ ಬೇಡ.

ರ‍್ಯಾಫ್ಟ್ ಬಂಡೆಗೆ ಅಡ್ಡಲಾಗಿ ಒರಗಿದರೆ ಹೊಸಬರು ಬಂಡೆಯಿಂದ ದೂರ ಸರಿಯುತ್ತಾರೆ. ಅದೇ ತಪ್ಪು. ಹರಿವು ಬರುವ ಕಡೆಯ ಅಂಚು ಭಾರಕ್ಕೆ ತಗ್ಗಿ, ನೀರು ಒಳಗೆ ಹತ್ತಿ, ರ‍್ಯಾಫ್ಟ್ ಮಗುಚುತ್ತದೆ. ಗೈಡ್ ಕೂಗಿದ ತಕ್ಷಣ ಎಲ್ಲರೂ ಬಂಡೆಯ ಕಡೆಗೇ ಬೀಳಬೇಕು. ನೀರಿಗೆ ಬಿದ್ದವಳು ನಿಲ್ಲಲು ಹೋಗಬಾರದು, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಹರಿವು ಮೈಯನ್ನು ಒಳಗೆ ಒತ್ತಿ ಹಿಡಿಯುತ್ತದೆ. ಅಂಗಾತ ಮಲಗಿ, ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ ತೇಲಬೇಕು.

ಅವಳನ್ನು ಮೇಲೆತ್ತುವಾಗ ಕಾದಂಬರಿಗಳು ಮಾಡುವ ತಪ್ಪು ಕೈ ಹಿಡಿಸುವುದು. ಒದ್ದೆ ಕೈ ಜಾರುತ್ತದೆ, ಎಳೆದರೆ ಭುಜ ಕಳಚೀತು. ಹಿಡಿಯಬೇಕಾದ್ದು ಲೈಫ್ ಜಾಕೆಟಿನ ಎರಡೂ ಹೆಗಲ ಪಟ್ಟಿ. ಮೊಣಕಾಲನ್ನು ಅಂಚಿಗೆ ಊರಿ, ಅವಳನ್ನು ಒಂದು ಸಲ ತುಸು ನೀರಿಗೆ ಒತ್ತಿ, ಜಾಕೆಟ್ ಪುಟಿಯುವ ಹೊತ್ತಿಗೆ ತಾನು ಹಿಂದಕ್ಕೆ ಬೀಳಬೇಕು. ಎತ್ತುವುದು ತೋಳಲ್ಲ, ಬೀಳುವ ಮೈಯ ಭಾರ. ಅವಳು ಬಂದು ಬೀಳುವುದು ಅವನ ಮೇಲೆಯೇ. ಲೇಖಕರು ಏನನ್ನೂ ಸೇರಿಸಬೇಕಾಗಿಲ್ಲ.

ಆದರೆ ಮುತ್ತಿಗೆ ಇದು ಹೊತ್ತಲ್ಲ. 1975ರಲ್ಲಿ ಕ್ಯಾಂಟರ್, ಝಿಲ್‌ಮನ್ ಮತ್ತು ಬ್ರಯಂಟ್ ಸೈಕಲ್ ತುಳಿಸಿ ಕಂಡುಕೊಂಡ ಪ್ರಕಾರ, ದಣಿದ ಕೂಡಲೇ ಜನರಿಗೆ ಎದೆಬಡಿತದ ಕಾರಣ ಚೆನ್ನಾಗಿ ಗೊತ್ತಿರುತ್ತದೆ, ಅದು ಬೇರೆ ಭಾವಕ್ಕೆ ಹರಿಯುವುದಿಲ್ಲ. ಪೂರ್ತಿ ತಣಿದ ಮೇಲೆ ಹರಿಯಲು ಏನೂ ಉಳಿದಿರುವುದಿಲ್ಲ. ನಡುವೆ ಕೆಲವು ನಿಮಿಷ ಸಿಗುತ್ತವೆ: ತಾನು ಸುಧಾರಿಸಿಕೊಂಡೆ ಎಂದು ಮನಸ್ಸು ಅಂದುಕೊಂಡಿರುತ್ತದೆ, ಮೈ ಇನ್ನೂ ಇಳಿದಿರುವುದಿಲ್ಲ. ಸಂಜೆ ಬೆಂಕಿ ಹಾಕಿಕೊಂಡು ಕೂತಾಗಿನ ದೃಶ್ಯ ತಡವಾಯಿತು, ನೀರು ಭೋರ್ಗರೆದು ಹರಿಯುವ ರ‍್ಯಾಪಿಡ್‌ನ ನಡುವಿನದು ಬೇಗವಾಯಿತು. ಕಾಳಿಯಲ್ಲಿ ಪ್ರತಿ ರ‍್ಯಾಪಿಡ್ ಕಳೆದ ಮೇಲೆ ನೀರು ಸಪಾಟಾಗುತ್ತದೆ. ಗೈಡ್ ‘ಹುಟ್ಟು ಮೇಲಿಡಿ’ ಎನ್ನುತ್ತಾನೆ. ಹೆಲ್ಮೆಟ್ಟಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿರುತ್ತದೆ, ಯಾರ ಕೈಗೂ ಕೆಲಸವಿರುವುದಿಲ್ಲ, ಮುಂದಿನ ರ‍್ಯಾಪಿಡ್‌ನ ಸದ್ದು ತಿರುವಿನಾಚೆ ಆಗಲೇ ಕೇಳತೊಡಗಿರುತ್ತದೆ.