ಕಣಕಾಲು ಎಷ್ಟು ಸಡಿಲ?

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಕಾಲು ಉಳುಕುವ ಕಾಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲಿಗೆ ಬರುವಷ್ಟರಲ್ಲಿ 360 ಕುಟುಂಬಗಳಿಗೆ ಹಿಗ್ಗಿತ್ತು. ವರ್ಷವಿಡೀ ಸ್ಟಿಕ್ ಮುಟ್ಟದವರೂ ಮನೆತನದ ಹೆಸರಿಗಾಗಿ ಮೈದಾನಕ್ಕಿಳಿಯುತ್ತಾರೆ. ಅಂಚಿನಲ್ಲಿ ಐಸ್ ಒತ್ತಿಕೊಂಡು ಕೂತವರನ್ನು ವಿಚಾರಿಸಿದರೆ, "ಹಳೇ ಉಳುಕು ಅಣ್ಣ, ಗಂಟು ಲೂಸಾಗಿಬಿಟ್ಟಿದೆ" ಅನ್ನುತ್ತಾರೆ.

ಎಷ್ಟು ಲೂಸು? ಒಬ್ಬರು ಎಕ್ಸ್‌ರೇ ನೋಡಿ ಸರಿಯಿದೆ ಎನ್ನುತ್ತಾರೆ, ಇನ್ನೊಬ್ಬರು ಎಂಆರ್‌ಐ ನೋಡಿ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದಿದೆ ಎನ್ನುತ್ತಾರೆ, ಕಾಲು ಮಾತ್ರ ಮತ್ತೆ ಮತ್ತೆ ಹೊರಳುತ್ತಲೇ ಇರುತ್ತದೆ. ಈ ಗೋಜಲಿಗೆ ಅರವತ್ತು ವರ್ಷ ವಯಸ್ಸು.

ಎಲ್ಲಕ್ಕಿಂತ ಹಳೆಯ ಸಾಧನ ಕೈ. ಕಣಕಾಲಿಗಿಂತ ತುಸು ಮೇಲೆ ಕಾಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ಹಿಮ್ಮಡಿಯನ್ನು ಬೊಗಸೆಯಂತೆ ತುಂಬಿಕೊಂಡು ಮುಂದಕ್ಕೆ ಎಳೆಯುವುದು. ಹೊರಬದಿಯ ಲಿಗಮೆಂಟ್ ಗಟ್ಟಿಯಿದ್ದರೆ ಪಾದ ಟಕ್ಕನೆ ನಿಲ್ಲುತ್ತದೆ. ಇಲ್ಲವಾದರೆ ಜಾರಿಕೊಂಡೇ ಬರುತ್ತದೆ, ಕೆಲವೊಮ್ಮೆ ಮೂಳೆಯ ಮುಂದೆ ಚರ್ಮ ಗುಳಿ ಬೀಳುತ್ತದೆ. ಉಳುಕಿದ ದಿನವೇ ಎಳೆದರೆ ನೋವಿಗೆ ಸ್ನಾಯು ಸೆಟೆದು ಏನೂ ತಿಳಿಯದು. ನಾಲ್ಕೈದು ದಿನ ಬಿಟ್ಟು ನೋಡಿದರೆ ಹೆಚ್ಚು ನಿಜ ಹೊರಬರುತ್ತದೆ.

1960ರ ದಶಕದ ಮಧ್ಯದಲ್ಲಿ ದಾರಿ ಎರಡಾಯಿತು. ಸ್ವೀಡನ್ನಿನ ಬ್ರಾಸ್ಟ್ರಮ್ ಹರಿದ ಲಿಗಮೆಂಟನ್ನು ಹೊಲಿದು ಬಿಗಿ ಮಾಡುವ ಶಸ್ತ್ರಚಿಕಿತ್ಸೆ ತೋರಿಸಿದರು. ಅದೇ ಹೊತ್ತಿಗೆ, 1965ರಲ್ಲಿ, ಬ್ರಿಟನ್ನಿನ ಫ್ರೀಮನ್ ತಂಡ ಬೇರೆ ಮಾತು ಹೇಳಿತು: ಲಿಗಮೆಂಟಿನ ಜೊತೆ ಅದರೊಳಗಿನ ನರತುದಿಗಳೂ ಘಾಸಿಗೊಳ್ಳುತ್ತವೆ, ಪಾದ ಎಲ್ಲಿದೆ ಎಂಬ ಸುದ್ದಿ ತಡವಾಗಿ ಮುಟ್ಟುತ್ತದೆ. ಅವರ ಮದ್ದು, ಅಲುಗಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ.

ಆಮೇಲೆ ದಶಕಗಟ್ಟಲೆ ಮೆರೆದದ್ದು ಮಿಲಿಮೀಟರ್. ಚೀಟಿಯಲ್ಲಿ ಬರೆಯಲು ಅಂಕಿ ಸುಲಭ, ಬೇರೆ ಕಾರಣ ಕಾಣೆ. ಚೌಕಟ್ಟಿನಲ್ಲಿ ಕಾಲಿಟ್ಟು, ಸುಮಾರು 150 ನ್ಯೂಟನ್ ಬಲದಿಂದ ಒತ್ತಿ ಎಕ್ಸ್‌ರೇ ತೆಗೆದರು. ಮೂಳೆ ಎಷ್ಟು ಡಿಗ್ರಿ ವಾಲಿತು, ಎಷ್ಟು ಮಿಲಿಮೀಟರ್ ಮುಂದೆ ಸರಿಯಿತು ಎಂದು ಗೆರೆ ಎಳೆದು ಲೆಕ್ಕ ಹಾಕಿದರು. 1990ರ ದಶಕದಲ್ಲಿ ಪಾದವನ್ನು ತಟ್ಟೆಗೆ ಕಟ್ಟಿ ಹಿಡಿಕೆಯಿಂದ ಎಳೆಯುವ ಆರ್ಥ್ರೋಮೀಟರ್ ಬಂತು. ಎಳೆಯುವ ಕೈ ಬೇರೆಯಾದರೂ ಬಲ ಒಂದೇ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಇಂದಿಗೂ ಎಷ್ಟು ಸರಿದರೆ ಸಡಿಲ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆಯಿಲ್ಲ. ಹುಟ್ಟಿನಿಂದಲೇ ಮೈ ಬಾಗುವವರ ಕಾಲು ಚೆನ್ನಾಗಿಯೇ ಜಾರುತ್ತದೆ, ಆದರೂ ಅವರೆಲ್ಲರೂ ಬೀಳುವುದಿಲ್ಲ. ಅಂಥವರನ್ನು ಗುರುತಿಸುವ 1973ರ ಬೈಟನ್ ಅಂಕಪಟ್ಟಿಯಲ್ಲಿ ಬೆರಳು, ಮೊಣಕೈ, ಮೊಣಕಾಲು, ಬೆನ್ನು ಎಲ್ಲಾ ಸೇರಿ 9 ಅಂಕ. ಕಣಕಾಲಿಗೆ ಒಂದೂ ಇಲ್ಲ!

ಕೀಲಿನ ಸಡಿಲವೂ ನರ-ಸ್ನಾಯುಗಳ ಎಡವಟ್ಟೂ ಒಟ್ಟಿಗೇ ಇರಬಹುದು, ಬೇರೆಬೇರೆಯೂ ಇರಬಹುದು ಎಂದು 2002ರಲ್ಲಿ ಅಮೆರಿಕದ ಹರ್ಟೆಲ್ ಎರಡು ದಾರಿಗಳನ್ನೂ ಒಂದೇ ಚಿತ್ರದಲ್ಲಿಟ್ಟರು. 2013ರಲ್ಲಿ ಅಂತರರಾಷ್ಟ್ರೀಯ ಕಣಕಾಲು ತಜ್ಞರ ಒಕ್ಕೂಟ ಸಂಶೋಧನೆಗೆ ಯಾರನ್ನು ಆರಿಸಬೇಕೆಂದು ಪಟ್ಟಿ ಮಾಡಿದಾಗ, ಮೊದಲ ಉಳುಕಿಗೆ ವರ್ಷ ಕಳೆದಿರಬೇಕು, ಕಾಲು ಪದೇಪದೇ ಕೈಕೊಡುತ್ತಿರಬೇಕು, ಪ್ರಶ್ನಾವಳಿಯ ಅಂಕ ಕಡಿಮೆ ಬರಬೇಕು ಎಂದಿತು. ಮಿಲಿಮೀಟರ್ ಕಡ್ಡಾಯವಾಗಲಿಲ್ಲ. ಅಂಥ ಒಂದು ಪ್ರಶ್ನಾವಳಿಗೆ 30 ಅಂಕ. ಮೆಟ್ಟಿಲಿಳಿಯುವಾಗ, ಏರುತಗ್ಗಿನಲ್ಲಿ ನಡೆಯುವಾಗ ಕಾಲು ಹೇಗಿರುತ್ತದೆ ಎಂದು ಕೇಳುತ್ತದೆ. ಇಳಿಜಾರು ತೋಟದಲ್ಲಿ ಮೆಣಸು ಕುಯ್ಯಲು ಏಣಿ ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಅಳೆಯುವುದು ವ್ಯರ್ಥವೇನಲ್ಲ. ಹೊಲಿಗೆ ಹಾಕಬೇಕೇ ಎಂದು ತೀರ್ಮಾನಿಸಲು ಅದು ಬೇಕೇ ಬೇಕು. ಎಂಆರ್‌ಐ ಮಲಗಿದ ಕಾಲಿನ ಚಿತ್ರ ಕೊಡುತ್ತದೆ. ಈಗ ಅಲ್ಟ್ರಾಸೌಂಡಿನಲ್ಲಿ ಕಾಲನ್ನು ಎಳೆಯುತ್ತಲೇ ಲಿಗಮೆಂಟ್ ಎಷ್ಟು ಉದ್ದವಾಗುತ್ತದೆಂದು ನೋಡಬಹುದು. ಎರಡೂ ಕಾಲು ನೋಡಿ ವ್ಯತ್ಯಾಸ ಹಿಡಿಯುವುದು ರೂಢಿ. ಇಪ್ಪತ್ತು ವರ್ಷ ಹಾಕಿ ಆಡಿದವರ ಹತ್ತಿರ ಹೋಲಿಸಲು ಉಳುಕದ ಕಾಲು ಯಾವುದು ಎಂದು ಕೇಳಿದರೆ, ಅವರು ಎರಡೂ ಬೂಟಿನ ಲೇಸ್ ಬಿಚ್ಚುತ್ತಾರೆ.