ಗಾಳಕ್ಕೆ ಬಿಳಿ ಮೀನು ಬಿದ್ದರೆ

ಕಾವೇರಿಯ ಮಡುಗಳಲ್ಲಿ ರಾಗಿ ಉಂಡೆ ಕಟ್ಟಿ ಗಾಳ ಬಿಟ್ಟವರಿಗೆ ಈಗ ಸಿಗುವ ಮಹಶೀರ್ ಬಹುಪಾಲು ನೀಲಿ ರೆಕ್ಕೆಯದು. ಲೋಣಾವಳದಲ್ಲಿ ಮರಿ ಮಾಡಿಸಿ ತಂದು ಬಿಟ್ಟ ಮೀನಿನ ಸಂತಾನ ಅದು. ಹೊಳೆಯ ಸ್ವಂತ ಮೀನು ಬೇರೆ: ನದಿಯಂಚಿನವರು ಬಿಳಿ ಮೀನು ಎನ್ನುವ, ಬೆನ್ನಿನ ಮೇಲೆ ಡುಬ್ಬವಿರುವ ಮಹಶೀರ್. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿದ ದಾಖಲೆ ಮೀನು ಇದೇ ಜಾತಿಯದು. ಇಷ್ಟು ಹೆಸರಾದ ಮೀನಿಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.

ವನ್ಯಧಾಮದೊಳಗೆ ಅನುಮತಿಯಿಲ್ಲದೆ ಗಾಳ ಹಾಕುವುದೇ ಅಪರಾಧ. ಆ ಮಾತು ಅಲ್ಲಿಗೇ ಬಿಡೋಣ. ಅನುಮತಿ ಇದ್ದ ಕಡೆ, ಬೇರೆ ಮೀನಿಗೆಂದು ಹಾಕಿದ ಗಾಳಕ್ಕೆ ಇದು ಬಿದ್ದರೆ ಏನು ಮಾಡಬೇಕು?

ಮೊದಲು ಗುರುತು. ತುಟಿ ನೋಡಿ ತೀರ್ಮಾನಿಸಬೇಡಿ. ಒಂದೇ ಜಾತಿಯಲ್ಲಿ ದಪ್ಪ ತುಟಿಯದೂ ಇರುತ್ತದೆ, ತೆಳು ತುಟಿಯದೂ ಇರುತ್ತದೆ. ಕಿವಿರು ಮುಚ್ಚಳದ ನೇರಕ್ಕೆ ತಲೆಯ ಮೇಲಿಂದ ಎದ್ದ ಡುಬ್ಬ ಬೆನ್ನಿನ ರೆಕ್ಕೆಯ ಬುಡದವರೆಗೆ ಹೋಗಿದೆಯೇ, ಬಾಲ ಕಿತ್ತಳೆಯೇ ಅನ್ನುವುದನ್ನು ನೋಡಿ. ಮರಿಗಳಲ್ಲಿ ಡುಬ್ಬ ಎದ್ದು ಕಾಣುವುದಿಲ್ಲ, ಬಾಲದ ಬಣ್ಣವೇ ಗತಿ.

ಮೀನು ಸಾಯುವುದು ಗಾಯದಿಂದ ಮಾತ್ರವಲ್ಲ, ದಣಿವಿನಿಂದಲೂ. ಸಪೂರ ದಾರ ಕಟ್ಟಿ ಅರ್ಧ ಗಂಟೆ ಆಡಿಸಿದರೆ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಏಪ್ರಿಲ್–ಮೇನಲ್ಲಿ ಇಳಿದು ಬಿಸಿಯಾದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಹಾಗಾಗಿ ದಾರ ಗಟ್ಟಿಯದಿರಲಿ, ಮೀನು ಬೇಗ ದಡಕ್ಕೆ ಬರಲಿ. ಕೊಕ್ಕೆ ಒಂದೇ ಮೊನೆಯದು ಸಾಕು; ಅದರ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಬಾಯಲ್ಲೇ ಉಳಿದರೆ ಅದು ತುಕ್ಕು ಹಿಡಿದು ಕಳಚುವುದಿಲ್ಲ.

ದಡಕ್ಕೆ ಬಂದ ಮೀನನ್ನು ಬಂಡೆಗೋ ಮರಳಿಗೋ ಎಳೆಯಬೇಡಿ. ಮೊಣಕಾಲುದ್ದದ ನೀರಿಗೆ ನೀವೇ ಇಳಿಯಿರಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣಗೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತುಬಂದು ಅಲ್ಲಿ ಬೂಷ್ಟು ಹಿಡಿಯುತ್ತದೆ. ಕೊಕ್ಕೆ ತುಟಿಯಲ್ಲಿದ್ದರೆ ನೀರಲ್ಲೇ ತಿರುಗಿಸಿ ಬಿಡಿಸಿ. ಗಂಟಲಿಗೆ ಇಳಿದಿದ್ದರೆ ಕೈ ಹಾಕಲೇಬೇಡಿ. ಈ ಮೀನಿನ ಹಲ್ಲು ದವಡೆಯಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳು ಪುಡಿ ಮಾಡುವಂಥದು. ದಾರವನ್ನು ಕೊಕ್ಕೆಗೆ ಆದಷ್ಟು ಹತ್ತಿರ ಕತ್ತರಿಸಿ ಬಿಡುವುದೇ ಲೇಸು.

ಬಿಡುವಾಗ ಆಗುವ ದೊಡ್ಡ ತಪ್ಪೆಂದರೆ ಬಾಲ ಹಿಡಿದು ಹಿಂದೆ-ಮುಂದೆ ಅಲ್ಲಾಡಿಸುವುದು. ನೀರು ಬಾಯಿಂದ ಒಳಹೋಗಿ ಕಿವಿರಿನಿಂದ ಹೊರಬರಬೇಕು. ಹಿಂದಕ್ಕೆ ಎಳೆದಾಗ ಅದು ತಿರುಗುಮುರುಗಾಗುತ್ತದೆ. ಹದವಾದ ಹರಿವಿನಲ್ಲಿ, ಮೂತಿ ಹರಿವಿಗೆ ಎದುರಾಗಿ, ಹೊಟ್ಟೆಯಡಿ ಅಂಗೈ ಕೊಟ್ಟು ಸುಮ್ಮನೆ ಹಿಡಿದಿರಿ. ಚೇತರಿಕೆ ಪರೀಕ್ಷಿಸಲು ಮೈಯನ್ನು ಒಂದು ಪಕ್ಕಕ್ಕೆ ಮೆಲ್ಲಗೆ ವಾಲಿಸಿ. ಚುರುಕಾಗಿರುವ ಮೀನಿನ ಕಣ್ಣು ಮೈಯೊಂದಿಗೆ ತಿರುಗದೆ ಮಟ್ಟ ಕಾಯ್ದುಕೊಳ್ಳುತ್ತದೆ, ಬಾಲ ಅದುಮಿದರೆ ಒದೆಯುತ್ತದೆ. ಕಣ್ಣು ಗೊಂಬೆಯ ಕಣ್ಣಿನಂತೆ ಮೈಯೊಡನೆ ಹೊರಳಿದರೆ ಇನ್ನೂ ಹೊತ್ತು ಬೇಕು, ಅದು ಹತ್ತು ನಿಮಿಷವೋ ಇಪ್ಪತ್ತೋ.

ತುಟಿಗೋ ಕಿವಿರಿಗೋ ಹಗ್ಗ ಪೋಣಿಸಿ, ಸ್ನೇಹಿತರು ಬರುವ ತನಕ ನೀರಲ್ಲಿ ಕಟ್ಟಿಹಾಕುವ ಹಳೆಯ ಚಾಳಿ ಇದೆ. ಅದಕ್ಕಿಂತ ಕೊಂದುಬಿಡುವುದು ಪ್ರಾಮಾಣಿಕ. ಫೋಟೊ ಬೇಕಿದ್ದರೆ ಕ್ಯಾಮೆರಾ ಮೊದಲು ಸಿದ್ಧವಾಗಲಿ, ಆಮೇಲೆ ಮೀನು ನೀರಿನಿಂದ ಮೇಲೆ ಬರಲಿ, ಅದೂ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನೀರಿನ ಹೊರಗೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಲ್ಲುತ್ತದೆ. ಇಡೀ ಪಕ್ಕೆ ಕಾಣುವ ಒಂದು ಚಿತ್ರ, ಡುಬ್ಬ ಮತ್ತು ತಲೆಯದೊಂದು, ಬಾಲದ್ದೊಂದು ಇದ್ದರೆ ಜಾತಿ ಗುರುತಿಸುವವರಿಗೆ ಸಾಕು.

ತಕ್ಕಡಿಗೆ ನೇತುಹಾಕಬೇಡಿ, ಟೇಪು ಸಾಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 28,900ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಕಿಲೋದಲ್ಲಿ. ಉದ್ದ 100, ಸುತ್ತಳತೆ 60 ಇದ್ದರೆ ಸುಮಾರು ಹನ್ನೆರಡೂವರೆ ಕಿಲೋ. ಅಂದಾಜೇ, ಆದರೂ ಬಡಾಯಿಗೆ ಧಾರಾಳ.

ಅಳತೆ, ದಿನಾಂಕ, ಚಿತ್ರಗಳನ್ನು ಮೀನುಗಾರಿಕೆ ಅಥವಾ ಅರಣ್ಯ ಇಲಾಖೆಗೆ ಕೊಡಿ, ಜಾಗದ ಸಮೇತ. ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಮಾತ್ರ ಮಡುವಿನ ಹೆಸರು, ಹಿನ್ನೆಲೆಯ ಬಂಡೆ, ಫೋನಿನ ಲೊಕೇಶನ್ ಮೂರನ್ನೂ ತೆಗೆದು ಹಾಕಿ. ಸಿಡಿಮದ್ದು ಎಸೆಯುವವರೂ ಅದೇ ಗುಂಪುಗಳಲ್ಲಿರುತ್ತಾರೆ.