ಕಬ್ಬಿನ ಸಾಲಿನಲ್ಲಿ ಚಿರತೆ ಮರಿ ಕಂಡಾಗ

ಪಾಂಡವಪುರ, ಶ್ರೀರಂಗಪಟ್ಟಣ, ತಿ. ನರಸೀಪುರದ ಕಡೆ ಕಬ್ಬಿನ ಕಟಾವು ಶುರುವಾಯಿತೆಂದರೆ ಅರಣ್ಯ ಇಲಾಖೆಗೆ ಬರುವ ಕರೆಗಳಲ್ಲಿ ಇದೊಂದು ಇದ್ದೇ ಇರುತ್ತದೆ: ‘ಗದ್ದೇಲಿ ಚಿರತೆ ಮರಿ ಸಿಕ್ಕಿದೆ, ತಗೊಂಡು ಹೋಗಿ.’ ಆದರೆ ಹೆಚ್ಚಿನ ಸಲ ಆ ಮರಿ ದಿಕ್ಕಿಲ್ಲದ್ದಲ್ಲ. ತಾಯಿ ಅದನ್ನು ಅಲ್ಲಿ ಮಲಗಿಸಿ ಹೋಗಿದೆ, ಕತ್ತಲಾದ ಮೇಲೆ ಅದೇ ಜಾಗಕ್ಕೆ ವಾಪಸು ಬರುತ್ತದೆ. ಮರಿ ಉಳಿಯುವುದೂ ಊರು ಸುರಕ್ಷಿತವಾಗಿರುವುದೂ ಆ ಸಂಜೆ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಕಾಡು ಬಿಟ್ಟು ಕಬ್ಬಿಗೇಕೆ ಎಂದು ಕೇಳುವವರು ಬಹಳ. ಈ ಚಿರತೆಗಳಲ್ಲಿ ಎಷ್ಟೋ ಬಂಡೀಪುರವನ್ನೋ ನಾಗರಹೊಳೆಯನ್ನೋ ಕಂಡೇ ಇಲ್ಲ. ಹತ್ತು-ಹನ್ನೆರಡು ತಿಂಗಳು ನಿಲ್ಲುವ ಬೆಳೆ, ಪಕ್ಕದಲ್ಲೇ ನಾಲೆ ನೀರು, ತಿನ್ನಲು ಬೀದಿನಾಯಿ, ಹಂದಿ. ಚಿರತೆಯ ಗರ್ಭಾವಧಿ ಸುಮಾರು ಮೂರು ತಿಂಗಳು. ಅಂದರೆ ಒಂದೇ ಬೆಳೆ ನಿಂತಿರುವಾಗ ಗಬ್ಬವಾಗಿ, ಈದು, ಮರಿ ಓಡಾಡುವ ಮಟ್ಟಕ್ಕೂ ಬರಬಹುದು.

ಮೊದಲು ಅದು ಚಿರತೆಯೇ ಎಂದು ದೂರದಿಂದಲೇ ನೋಡಿ. ಕಾಡುಬೆಕ್ಕೂ ಕಬ್ಬಿನಲ್ಲೇ ಮರಿ ಹಾಕುತ್ತದೆ. ಕಾಡುಬೆಕ್ಕಿನ ಮರಿಯ ಮೈಮೇಲೆ ಮಸುಕು ಪಟ್ಟೆ, ಬಾಲದ ತುದಿಯಲ್ಲಿ ಬಳೆಯಂಥ ಗೆರೆ, ಚೂಪು ಕಿವಿ. ಚಿರತೆ ಮರಿಯ ತುಪ್ಪಳ ಹೊಗೆ ಬಣ್ಣದ್ದು, ಉಣ್ಣೆಯಂತೆ ಒತ್ತಾಗಿರುತ್ತದೆ, ಅದರ ತುಂಬ ಕಪ್ಪು ಚುಕ್ಕೆ. ಕಿವಿ ದುಂಡಗೆ, ಅದರ ಹಿಂಬದಿ ಕಪ್ಪು, ನಡುವೆ ಒಂದು ಬಿಳಿ ಬೊಟ್ಟು. ದೇಹಕ್ಕೆ ಹೋಲಿಸಿದರೆ ಪಾದಗಳು ದಪ್ಪ. ಕಣ್ಣು ಇನ್ನೂ ಮುಚ್ಚಿದ್ದರೆ ಹುಟ್ಟಿ ಹತ್ತು ದಿನವೂ ಆಗಿರಲಿಕ್ಕಿಲ್ಲ.

ಕಂಡ ಕೂಡಲೇ ಮಚ್ಚು ಕೆಳಗಿಳಿಸಿ, ಆಳುಗಳನ್ನೆಲ್ಲ ಬಂದ ದಾರಿಯಲ್ಲೇ ಹೊರಕ್ಕೆ ಕರೆತನ್ನಿ. ಆ ದಿನ ಆ ಗದ್ದೆಯ ಕಟಾವು ಅಲ್ಲಿಗೆ ನಿಲ್ಲಬೇಕು. ಜಾಗದ ಗುರುತಿಗೆ ಬದುವಿನಲ್ಲಿ ಒಂದು ಕೋಲು ನೆಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ತುರ್ತು ಸಂಖ್ಯೆ 112ಕ್ಕೋ ಕರೆ ಮಾಡಿ. ಮರಿಯನ್ನು ಎತ್ತಿ ಫೋಟೊ ತೆಗೆಸಿಕೊಳ್ಳುವುದು, ಮನೆಗೆ ಒಯ್ಯುವುದು ಬೇಡವೇ ಬೇಡ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಅದನ್ನು ಹಿಡಿಯುವುದೂ ಕಾಯ್ದೆಯ ಪ್ರಕಾರ ಬೇಟೆಯೇ. ಅಪರಾಧ ರುಜುವಾತಾದರೆ ಕನಿಷ್ಠ 3 ವರ್ಷ ಜೈಲು. ಹಸುವಿನ ಹಾಲನ್ನೂ ಹಾಕಬೇಡಿ. ಅದರಲ್ಲಿರುವ ಲ್ಯಾಕ್ಟೋಸ್ ಚಿರತೆ ಮರಿಯ ಹೊಟ್ಟೆಗೆ ಆಗದು, ಭೇದಿ ಹಿಡಿಯುತ್ತದೆ. ಅಂಗಾತ ಮಲಗಿಸಿ ಕುಡಿಸಿದರಂತೂ ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯಲೂಬಹುದು.

ಯಾರೋ ಆಗಲೇ ಎತ್ತಿಬಿಟ್ಟಿದ್ದರೆ? ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಪಶುವೈದ್ಯರು ಕೈಗವಸು ಹಾಕಿಕೊಂಡು ಗಾಯ, ಉಣ್ಣೆ ಹುಳು ನೋಡುತ್ತಾರೆ, ತೂಗುತ್ತಾರೆ, ಚರ್ಮ ಹಿಡಿದೆತ್ತಿ ಬಿಟ್ಟು ನಿರ್ಜಲೀಕರಣ ಪರೀಕ್ಷಿಸುತ್ತಾರೆ. ಆಮೇಲೆ ತರಕಾರಿ ಕ್ರೇಟಿನಂಥ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದೇ ಗದ್ದೆಯ ತರಗು ಹಾಸಿ, ಮರಿಗಳನ್ನು ಸಿಕ್ಕ ಜಾಗದಲ್ಲೇ ಹೊತ್ತು ಮುಳುಗುವ ಮುನ್ನ ಇಡಬೇಕು. ಮುಚ್ಚಳ ಹಗುರವಾಗಿರಲಿ: ಮರಿ ತಳ್ಳಲಾರದಷ್ಟು, ತಾಯಿ ಪಂಜದಿಂದ ಬೀಳಿಸುವಷ್ಟು. ಸನಿಹದಲ್ಲಿ ಕಣ್ಣಿಗೆ ಕಾಣುವ ಬೆಳಕು ಹೊರಸೂಸದ ಇನ್ಫ್ರಾರೆಡ್ ಕ್ಯಾಮೆರಾ ಕಟ್ಟಿ ಎಲ್ಲರೂ ದೂರ ಸರಿಯಬೇಕು. ತಾಯಿ ಬಂದು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಹಾಗಾಗಿ ನಡುರಾತ್ರಿ ಒಂದೇ ಮರಿ ಉಳಿದಿದ್ದರೆ ಗಾಬರಿಬಿದ್ದು ಓಡಬೇಡಿ. ಬೆಳಗಿನವರೆಗೂ ಬಾರದಿದ್ದರೆ ಮರಿಗಳನ್ನು ತಂದು ಆರೈಕೆ ಮಾಡಿ, ಮರುದಿನ ಸಂಜೆ ಮತ್ತೆ ಅಲ್ಲೇ ಇಡುತ್ತಾರೆ.

ಈ ಕೆಲಸ ಕೆಡುವುದು ಹೆಚ್ಚಾಗಿ ಜನಜಂಗುಳಿಯಿಂದ. ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹರಡಿ, ಬೈಕಿನ ದೀಪ, ಟಾರ್ಚು, ಪಟಾಕಿ ಎಲ್ಲ ಗದ್ದೆ ಸುತ್ತ ಸೇರಿದರೆ ತಾಯಿ ಹತ್ತಿರ ಸುಳಿಯದು. ಮರಿ ಹುಡುಕುವ ತಾಯಿ ಊರ ಅಂಚಿನಲ್ಲೇ ಅಲೆದಾಡುತ್ತದೆ, ದಾರಿಗೆ ಅಡ್ಡ ಸಿಕ್ಕವರ ಮೇಲೆ ಎರಗಲೂಬಹುದು. ‘ಮರಿ ತಗೊಂಡು ಹೋಗಿ’ ಎಂಬ ಒತ್ತಾಯ ಊರಿಗೇ ಅಪಾಯ ಎನ್ನುವುದು ಇದಕ್ಕೇ. ಬೋನಿಟ್ಟು ತಾಯಿಯನ್ನು ಹಿಡಿದು ನಾಗರಹೊಳೆಗೆ ಬಿಟ್ಟರೂ ಬಗೆಹರಿಯದು. ಅಲ್ಲಿ ಹುಲಿ, ಚಿರತೆಗಳು ಆಗಲೇ ತಮ್ಮ ತಮ್ಮ ಸರಹದ್ದು ಹಾಕಿಕೊಂಡಿವೆ. ಇಲ್ಲಿ ತೆರವಾದ ಜಾಗಕ್ಕೆ ಮತ್ತೊಂದು ಬರುತ್ತದೆ. ಇನ್ನು ಬಾಟಲಿ ಹಾಲು ಕುಡಿದು ಬೆಳೆದ ಮರಿ ಬೇಟೆ ಕಲಿಯದು, ಜನರಿಗೂ ಹೆದರದು. ಬಹುತೇಕ ಅಂಥವು ಬದುಕಿಡೀ ಬೋನಿನಲ್ಲೇ ಕಳೆಯುತ್ತವೆ.

ಕಟಾವಿನ ರೀತಿಯಲ್ಲೇ ಒಂದಿಷ್ಟು ಎಚ್ಚರ ಸಾಧ್ಯ. ನಾಲ್ಕೂ ಕಡೆಯಿಂದ ಕಡಿಯುತ್ತ ಹೋದರೆ ನಡುವೆ ಉಳಿದ ತುಂಡಿನಲ್ಲಿ ಪ್ರಾಣಿ ಸಿಕ್ಕಿಕೊಂಡು, ಕೊನೆಗೆ ಆಳುಗಳ ಮೇಲೇ ನುಗ್ಗುತ್ತದೆ. ಊರ ಕಡೆಯಿಂದ ಶುರುಮಾಡಿ ಹಳ್ಳ ಅಥವಾ ಗುಡ್ಡದ ದಿಕ್ಕಿಗೆ ಕಡಿಯುತ್ತ ಹೋಗಿ, ಆ ಬದಿ ತೆರೆದೇ ಇರಲಿ. ಕಟಾವಾದ ಕೂಡಲೇ ತರಗಿಗೆ ಬೆಂಕಿ ಕೊಡಬೇಡಿ, ಕಣ್ಣು ಬಿಡದ ಮರಿ ಅದರಡಿ ಅಡಗಿದ್ದರೆ ತಿಳಿಯುವುದೇ ಇಲ್ಲ. ಮರಿಗಳನ್ನು ತಾಯಿ ಸಾಗಿಸಿದ್ದು ಕ್ಯಾಮೆರಾದಲ್ಲಿ ಖಚಿತವಾದ ಮೇಲೆ, ಹಗಲು ಹೊತ್ತಿನಲ್ಲಿ, ನಾಲ್ಕಾರು ಜನ ಒಟ್ಟಿಗೆ ಜೋರಾಗಿ ಮಾತಾಡುತ್ತ ಗದ್ದೆಗಿಳಿದು ಉಳಿದ ಸಾಲು ಕಡಿಯಬಹುದು.